ಮಲೆನಾಡಿನ ಮಳೆ ತಡೆಯುವ ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾ: ಕಡಿಮೆ ದುಡ್ಡಿನಲ್ಲಿ ಆರಿಸುವುದು ಹೇಗೆ?

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯ ಅಟ್ಟದಲ್ಲಿ ಒಂದು ತಗಡಿನ ಟ್ರಂಕ್ ಇತ್ತು. ಅದರೊಳಗೆ ದೊಡ್ಡಪ್ಪನ ಮದುವೆಯ ನೆಗೆಟಿವ್‌ಗಳು. ಒಂದೊಂದೂ ಸುಮಾರು ಆರು ಸೆಂಟಿಮೀಟರ್ ಚೌಕ. ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ಕಂಬಕ್ಕೆ ಒರಗಿ ನಿಂತ ಅಜ್ಜಿಯ ಸೀರೆ ಅಂಚಿನ ನೇಯ್ಗೆ ಕಾಣುತ್ತಿತ್ತು. ಚಪ್ಪರಕ್ಕೆ ಹೊದೆಸಿದ ಅಡಿಕೆ ಸೋಗೆಯ ಗರಿಗಳನ್ನು ಎಣಿಸಬಹುದಿತ್ತು. ಅವತ್ತೇ ನನಗೆ ಈ ಹುಚ್ಚು ಹಿಡಿದದ್ದು.

ಆಮೇಲೆ ಕಳೆದ ವರ್ಷಗಳಲ್ಲಿ ನಾನು ಮೂರು ಕ್ಯಾಮೆರಾ ಕೊಂಡೆ, ಎರಡನ್ನು ಮಾರಿದೆ. ಒಂದರ ಲೆನ್ಸನ್ನು ಮಳೆಗಾಲಕ್ಕೆ ಬಲಿ ಕೊಟ್ಟೆ. ಶಿವಮೊಗ್ಗ, ಸಾಗರ, ಹೊಸನಗರ ಕಡೆಯ ಗೆಳೆಯರು ಈಗಲೂ ಕೇಳುತ್ತಾರೆ: ದುಡ್ಡು ಜಾಸ್ತಿ ಇಲ್ಲ, ಯಾವುದು ಕೊಳ್ಳಲಿ? ಅವರಿಗೆ ಕೂತು ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ. ಒಂದು ಮಾತು ಮೊದಲೇ ಹೇಳುತ್ತೇನೆ. ನಮ್ಮ ಊರಿನಲ್ಲಿ ಕ್ಯಾಮೆರಾದ ಹೆಸರಿಗಿಂತ ಅದರ ಗಾಜು ಮುಖ್ಯ. ಆ ಗಾಜನ್ನು ಆರಿದ್ರಾ ಮಳೆಯಿಂದ ಕಾಯುವ ಖರ್ಚೂ ಕ್ಯಾಮೆರಾದ ಬೆಲೆಯೊಳಗೇ ಸೇರಬೇಕು.

ಮೀಡಿಯಂ ಫಾರ್ಮ್ಯಾಟ್ ಅಂದರೆ ಎಷ್ಟು ದೊಡ್ಡದು?

ಇಲ್ಲಿ ಬಳಸುವುದು 120 ಎಂಬ ರೋಲ್. ಕೊಡಾಕ್ ಕಂಪನಿ ಇದನ್ನು 1901ರಲ್ಲಿ ತಂದಿತು. ಇವತ್ತಿಗೂ ಅದೇ ಅಳತೆಯಲ್ಲಿ ಹೊಸ ರೋಲ್ ಸಿಗುತ್ತದೆ. ಸುಮಾರು ಆರು ಸೆಂಟಿಮೀಟರ್ ಅಗಲದ ಫಿಲಂ, ಅದರ ಬೆನ್ನಿಗೆ ಕಪ್ಪು ಕಾಗದ. ನಮ್ಮಲ್ಲಿ ಇದು ಹೊಸದೇನಲ್ಲ. ಊಟಿಯಲ್ಲಿ ಹಿಂದೂಸ್ತಾನ್ ಫೋಟೋ ಫಿಲಂಸ್ ಎಂಬ ಸರ್ಕಾರಿ ಕಾರ್ಖಾನೆ ಇತ್ತು. ಅಲ್ಲಿನ 'ಇಂದು' ಹೆಸರಿನ ಕಪ್ಪುಬಿಳುಪು ಫಿಲಂ ನಮ್ಮ ಸ್ಟುಡಿಯೋಗಳಲ್ಲಿ ಬಹಳ ಕಾಲ ಓಡಿತು. ಮನೆಮನೆಯಲ್ಲಿದ್ದ ಆಗ್ಫಾ ಕ್ಲಿಕ್ 3 ಡಬ್ಬಿ ಕ್ಯಾಮೆರಾ ಕೂಡ 120 ರೋಲಿನದ್ದೇ. ಅಂದರೆ ನಿಮ್ಮ ಅಜ್ಜನ ಕಾಲದವರು ಗೊತ್ತಿಲ್ಲದೆಯೇ ಮೀಡಿಯಂ ಫಾರ್ಮ್ಯಾಟ್‌ನಲ್ಲಿ ಫೋಟೋ ತೆಗೆಯುತ್ತಿದ್ದರು.

ಸಾಮಾನ್ಯ 35 ಮಿ.ಮೀ. ಫಿಲಂನ ಒಂದು ಚಿತ್ರ 24×36 ಮಿ.ಮೀ. ಇರುತ್ತದೆ. 6×4.5 ಸೆಂಟಿಮೀಟರ್ ಅಳತೆಯ ಚಿತ್ರ ಅದರ ಎರಡೂವರೆ ಪಟ್ಟಿಗಿಂತ ಜಾಸ್ತಿ. 6×6 ಮೂರೂವರೆ ಪಟ್ಟು. 6×7 ಸುಮಾರು ನಾಲ್ಕೂವರೆ ಪಟ್ಟು. ಚಿತ್ರ ದೊಡ್ಡದಾದಷ್ಟೂ ಒಂದು ರೋಲಿನಲ್ಲಿ ಸಿಗುವ ಸಂಖ್ಯೆ ಇಳಿಯುತ್ತದೆ. 6×4.5ರಲ್ಲಿ 15 ಅಥವಾ 16, 6×6ರಲ್ಲಿ 12, 6×7ರಲ್ಲಿ 10, 6×9ರಲ್ಲಿ 8. ಈ ಸಂಖ್ಯೆಗಳು ನೆನಪಿರಲಿ. ಜೇಬಿನ ಲೆಕ್ಕ ಇದರ ಮೇಲೆಯೇ ನಿಂತಿದೆ.

ಹೆಜ್ಜೆ 1: ದುಡ್ಡನ್ನು ಮೊದಲೇ ಪಾಲು ಮಾಡಿ

ಎಲ್ಲರೂ ಮಾಡುವ ತಪ್ಪು ಒಂದೇ. ಇದ್ದ ದುಡ್ಡನ್ನೆಲ್ಲ ಕ್ಯಾಮೆರಾಕ್ಕೆ ಸುರಿಯುತ್ತಾರೆ. ಆಮೇಲೆ ಫಿಲಂ ಕೊಳ್ಳಲು ದುಡ್ಡಿಲ್ಲ. ಕ್ಯಾಮೆರಾ ಷೋಕೇಸಿನಲ್ಲಿ ಕೂರುತ್ತದೆ, ಅಲ್ಲೇ ಬೂಷ್ಟು ಹಿಡಿಯುತ್ತದೆ.

ಲೆಕ್ಕಕ್ಕೆ ನಿಮ್ಮ ಕೈಯಲ್ಲಿ 40,000 ರೂಪಾಯಿ ಇದೆ ಅಂದುಕೊಳ್ಳಿ. ಅರ್ಧ, ಅಂದರೆ 20,000 ಕ್ಯಾಮೆರಾಕ್ಕೆ. 5,000 ರಿಪೇರಿ ಮತ್ತು ಸರ್ವಿಸ್‌ಗೆ. ಹಳೇ ಕ್ಯಾಮೆರಾ ಅಂದಮೇಲೆ ಇದು ಬಂದೇ ಬರುತ್ತದೆ. 3,000 ಗಾಳಿಯಾಡದ ಡಬ್ಬ, ಸಿಲಿಕಾ ಜೆಲ್, ತೇವ ಅಳೆಯುವ ಮೀಟರ್‌ಗೆ. ಉಳಿದ 12,000 ಫಿಲಂಗೆ. ರೋಲ್, ತೊಳೆಸುವುದು, ಸ್ಕ್ಯಾನ್, ಕೊರಿಯರ್ ಎಲ್ಲ ಸೇರಿ ರೋಲಿಗೆ 1,500 ಹಿಡಿದರೆ 8 ರೋಲ್ ಆಯಿತು. 6×6ರಲ್ಲಿ 96 ಚಿತ್ರ. ಒಂದು ವರ್ಷ ಕಲಿಯಲು ಅಷ್ಟು ಸಾಕು. ಬೆಲೆಗಳು ಏರಿಳಿಯುತ್ತಲೇ ಇರುತ್ತವೆ, ಅದಕ್ಕೆ ಈ ಅಂಕಿಗಳನ್ನಲ್ಲ, ಪಾಲನ್ನು ಇಟ್ಟುಕೊಳ್ಳಿ.

ಅದೇ 1,500ರ ಲೆಕ್ಕದಲ್ಲಿ ಒಂದೊಂದು ಚಿತ್ರದ ಖರ್ಚು ನೋಡಿ. 15 ಚಿತ್ರ ಬರುವ 6×4.5ರಲ್ಲಿ 100 ರೂಪಾಯಿ. 6×6ರಲ್ಲಿ 125. 6×7ರಲ್ಲಿ 150. 6×9 ಹಿಡಿದರೆ 190ರ ಹತ್ತಿರ. ಪ್ರತಿ ಸಲ ಶಟರ್ ಒತ್ತಿದಾಗಲೂ ಇಷ್ಟು ಹೋಗುತ್ತದೆ. 6×7ರ ದೊಡ್ಡ ನೆಗೆಟಿವ್ ಚಂದವೇ. ಆದರೆ ಕಲಿಯುವ ಮೊದಲ ವರ್ಷದಲ್ಲಿ ಹತ್ತೇ ಚಿತ್ರಕ್ಕೆ ರೋಲ್ ಮುಗಿಯುವುದು ಮನಸ್ಸನ್ನು ಕುಗ್ಗಿಸುತ್ತದೆ.

ಹೆಜ್ಜೆ 2: ಎಲ್ಲಿ, ಯಾವ ಬೆಳಕಿನಲ್ಲಿ ತೆಗೆಯುತ್ತೀರಿ?

ಯಾವ ಕ್ಯಾಮೆರಾ ಅಂತ ಕೇಳುವ ಮುಂಚೆ ಎಂಥ ಬೆಳಕು ಅಂತ ಕೇಳಿಕೊಳ್ಳಿ. ಬಯಲುಸೀಮೆಯವರಿಗೆ ಬರೆದ ಸಲಹೆ ನಮಗೆ ಪೂರ್ತಿ ಒಗ್ಗುವುದಿಲ್ಲ.

ಬಿಸಿಲಿನಲ್ಲಿ ಒಂದು ಸರಳ ಲೆಕ್ಕ ಇದೆ. ಲೆನ್ಸಿನ ಬೆಳಕಿನ ಕಿಂಡಿಯನ್ನು, ಅಂದರೆ ಅಪರ್ಚರನ್ನು, ಎಫ್ 16ಕ್ಕೆ ಇಟ್ಟು, ಫಿಲಂನ ವೇಗ (ಡಬ್ಬಿಯ ಮೇಲಿನ ಐಎಸ್‌ಒ ಅಂಕಿ) ಎಷ್ಟೋ ಅದರ ಹತ್ತಿರದ ಶಟರ್ ವೇಗ ಇಡುವುದು. 400 ವೇಗದ ಫಿಲಂಗೆ 1/500. ಫೆಬ್ರವರಿಯಲ್ಲಿ ಗಾಜನೂರು ಅಣೆಕಟ್ಟಿನ ಮೇಲೆ ನಿಂತರೆ ಇದು ಸರಿ. ಅದೇ ಜುಲೈ ತಿಂಗಳಲ್ಲಿ ಅಡಿಕೆ ತೋಟದೊಳಗೆ ಹೋಗಿ ನೋಡಿ. ಮೇಲೆ ಮೋಡ, ಅದರ ಕೆಳಗೆ ಸೋಗೆಯ ಮಾಡು. ನಮ್ಮ ತೋಟದಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಮೀಟರ್ ಹಿಡಿದಾಗ ಅದೇ 400 ಫಿಲಂಗೆ ಎಫ್ 4ರಲ್ಲಿ 1/60 ಬಂತು. ಇನ್ನಷ್ಟು ಮೋಡ ಕವಿದಾಗ 1/30. ಅಡಿಕೆ ಗೊನೆಗೆ ಮಳೆ ತಾಗದ ಹಾಗೆ ಕೊಟ್ಟೆ ಕಟ್ಟುವವರು ಮರದ ಮೇಲೆ ತೂಗುತ್ತಿರುತ್ತಾರೆ. ಅವರನ್ನು 1/30ರಲ್ಲಿ ಕೈಯಲ್ಲೇ ಹಿಡಿದು ತೆಗೆಯಬೇಕು.

ಇಲ್ಲಿ ಕ್ಯಾಮೆರಾದ ಒಳಗಿನ ಕೆಲಸ ಮುಖ್ಯವಾಗುತ್ತದೆ. ನೋಡಲು, ತೆಗೆಯಲು ಒಂದೇ ಲೆನ್ಸ್ ಇರುವ ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಒಂದು ದೊಡ್ಡ ಕನ್ನಡಿ ಇದೆ. ಶಟರ್ ಒತ್ತಿದಾಗ ಅದು ಎಗರಿ ಮೇಲೆ ಹೊಡೆಯುತ್ತದೆ. ಮೀಡಿಯಂ ಫಾರ್ಮ್ಯಾಟ್‌ನ ಕನ್ನಡಿ ದೊಡ್ಡದು, ಹೊಡೆತವೂ ದೊಡ್ಡದು. ಕೈಯಲ್ಲಿ ಹಿಡಿದರೆ 1/125ಕ್ಕಿಂತ ಕೆಳಗೆ ನಾನು ನಂಬುವುದಿಲ್ಲ. ಎರಡು ಕಣ್ಣಿನ ಟಿಎಲ್‌ಆರ್‌ನಲ್ಲಿ ಕನ್ನಡಿ ಅಲ್ಲಾಡುವುದೇ ಇಲ್ಲ. ಶಟರ್ ಲೆನ್ಸಿನೊಳಗೆ ಹೂವಿನ ಎಸಳಿನ ಹಾಗೆ ತೆರೆದು ಮುಚ್ಚುತ್ತದೆ. ಟಿಕ್ ಅನ್ನುವಷ್ಟೇ ಶಬ್ದ. ಪಟ್ಟಿಯನ್ನು ಕುತ್ತಿಗೆಗೆ ಬಿಗಿಯಾಗಿ ಎಳೆದು ಉಸಿರು ಹಿಡಿದರೆ 1/30 ಆರಾಮಾಗಿ ಬರುತ್ತದೆ.

ಮದುವೆ, ಪೋರ್ಟ್ರೇಟ್, ಫ್ಲ್ಯಾಷ್ ಕೆಲಸ ನಿಮ್ಮದಾದರೆ ಲೆಕ್ಕ ಬೇರೆ. ಬೆಟ್ಟ, ಹಿನ್ನೀರು, ಕೋಟೆ, ದೇವಸ್ಥಾನ ಅಂದರೆ ಟ್ರೈಪಾಡ್ ಹೇಗೂ ಇರುತ್ತದೆ, ಆಗ ಕನ್ನಡಿಯ ಹೊಡೆತದ ಚಿಂತೆ ಕಡಿಮೆ. ಆದರೆ ಕವಲೇದುರ್ಗ ಹತ್ತುವಾಗ ಹೆಗಲ ಮೇಲಿನ ತೂಕದ ಚಿಂತೆ ಜಾಸ್ತಿ.

ಹೆಜ್ಜೆ 3: ಜಾತಿ ಗುರುತಿಸಿ

ಎರಡು ಕಣ್ಣಿನ ಕ್ಯಾಮೆರಾ. ಕಡಿಮೆ ದುಡ್ಡಿನವರಿಗೆ ನನ್ನ ಮೊದಲ ಸಲಹೆ ಇದೇ. ಮೇಲಿನ ಲೆನ್ಸ್ ನೋಡಲು, ಕೆಳಗಿನದು ತೆಗೆಯಲು. ಯಾಶಿಕಾ ಮ್ಯಾಟ್ ಸಾಲಿನ ಕ್ಯಾಮೆರಾಗಳು ನಮ್ಮ ಕಡೆಯ ಸ್ಟುಡಿಯೋಗಳಲ್ಲಿ ತುಂಬಾ ಇದ್ದವು, ಈಗಲೂ ಅಲ್ಲಲ್ಲಿ ಸಿಗುತ್ತವೆ. ಇವುಗಳಲ್ಲಿ 124ಜಿಗೆ ಬೇಡಿಕೆ ಜಾಸ್ತಿ, ಬೆಲೆಯೂ ಜಾಸ್ತಿ. ಆ ಜಿ ಅಕ್ಷರಕ್ಕೆ ದುಡ್ಡು ಕೊಡಬೇಡಿ. ಅದು ಮೀಟರಿನ ಸಂಪರ್ಕಗಳಿಗೆ ಹಾಕಿದ ಚಿನ್ನದ ಲೇಪದ ಗುರುತು. ಆ ಮೀಟರ್ ಓಡುತ್ತಿದ್ದದ್ದು 1.35 ವೋಲ್ಟಿನ ಪಾದರಸದ ಬ್ಯಾಟರಿಯಲ್ಲಿ. ಅಂಥ ಬ್ಯಾಟರಿ ಈಗ ಬರುವುದಿಲ್ಲ. ಎಷ್ಟೋ ಕ್ಯಾಮೆರಾಗಳಲ್ಲಿ ಮೀಟರ್ ಸತ್ತೂ ಹೋಗಿದೆ. ಫೋನಿನಲ್ಲಿ ಮೀಟರ್ ಆ್ಯಪ್ ಹಾಕಿಕೊಂಡರೆ ಆಯಿತು. ಹಳೆಯ ಯಾಶಿಕಾ ಮ್ಯಾಟ್, ಯಾಶಿಕಾ 124, ಯಾಶಿಕಾ ಡಿ ಇವೆಲ್ಲ ಕೆಲಸಕ್ಕೆ ಅಷ್ಟೇ ಚೆನ್ನ.

ಕೊಳ್ಳುವಾಗ ಲೆನ್ಸಿನ ಸುತ್ತ ಬರೆದ ಹೆಸರು ಓದಿ. ಯಾಶಿಕೋರ್ ಎಂದಿದ್ದರೆ ಒಳಗೆ ಮೂರು ಗಾಜು. ಯಾಶಿನೋನ್ ಎಂದಿದ್ದರೆ ನಾಲ್ಕು. ಪೂರ್ತಿ ತೆರೆದ ಎಫ್ 3.5ರಲ್ಲಿ ಯಾಶಿಕೋರ್‌ನ ಮೂಲೆಗಳು ಮೆತ್ತಗಾಗುತ್ತವೆ, ಎಫ್ 8ಕ್ಕೆ ಬಂದರೆ ವ್ಯತ್ಯಾಸ ಹುಡುಕಬೇಕು. ನಮ್ಮ ಮಬ್ಬು ಬೆಳಕಿನಲ್ಲಿ ಲೆನ್ಸನ್ನು ಪೂರ್ತಿ ತೆರೆಯುವುದೇ ಜಾಸ್ತಿ, ಅದಕ್ಕೆ ಸಿಕ್ಕರೆ ಯಾಶಿನೋನ್ ಹಿಡಿಯಿರಿ. ಮಿನೋಲ್ಟಾ ಆಟೋಕಾರ್ಡ್, ರೋಲಿಕಾರ್ಡ್ ಒಳ್ಳೆಯ ಸ್ಥಿತಿಯಲ್ಲಿ ಸಿಕ್ಕರೆ ಕಣ್ಣುಮುಚ್ಚಿ ತೆಗೆದುಕೊಳ್ಳಬಹುದು. ರೋಲಿಫ್ಲೆಕ್ಸ್ ಈ ಜಾತಿಯ ದೊಡ್ಡಣ್ಣ, 1929ರಿಂದ ಬಂದದ್ದು. ಆದರೆ ಬೆಲೆ ನಮ್ಮ ಈ ಲೆಕ್ಕಕ್ಕೆ ಸಿಗುವುದಿಲ್ಲ. ಚೀನಾದ ಸೀಗಲ್ ಮತ್ತು ರಷ್ಯಾದ ಲೂಬಿಟೆಲ್ ಅಗ್ಗ. ಲೂಬಿಟೆಲ್‌ನಲ್ಲಿ ಫೋಕಸ್ ಮಾಡುವುದು ಸಂಜೆ ಹೊತ್ತಿನಲ್ಲಿ ತುಂಬಾ ಕಷ್ಟ. ಮೊದಲ ಕ್ಯಾಮೆರಾ ಆಗಿ ಅದನ್ನು ನಾನು ಹೇಳುವುದಿಲ್ಲ.

ಟಿಎಲ್‌ಆರ್‌ನ ಕೊರತೆಗಳನ್ನೂ ಹೇಳಬೇಕು. ಲೆನ್ಸ್ ಬದಲಿಸಲು ಆಗುವುದಿಲ್ಲ, ಮಾಮಿಯಾ ಸಿ220, ಸಿ330 ಬಿಟ್ಟರೆ. ಅವು ಭಾರ. ನೋಡುವ ಗಾಜಿನಲ್ಲಿ ಎಡ ಬಲ ಅದಲುಬದಲು ಕಾಣುತ್ತದೆ, ಅಭ್ಯಾಸಕ್ಕೆ ಒಂದು ವಾರ ಬೇಕು. ಒಂದು ಮೀಟರಿಗಿಂತ ಹತ್ತಿರ ಹೋಗಲು ಆಗುವುದಿಲ್ಲ. ಆದರೆ ಒಂದು ಗುಣ ಎಲ್ಲವನ್ನೂ ಮರೆಸುತ್ತದೆ. ಕ್ಯಾಮೆರಾ ಹೊಟ್ಟೆಯ ಹತ್ತಿರ ಇರುತ್ತದೆ, ನೀವು ತಲೆ ತಗ್ಗಿಸಿ ನೋಡುತ್ತೀರಿ. ಎದುರಿನವರ ಮುಖಕ್ಕೆ ಯಂತ್ರ ಅಡ್ಡ ಬರುವುದಿಲ್ಲ. ಅಡಿಕೆ ಸುಲಿಯುತ್ತಾ ಕೂತ ಹೆಂಗಸರು ಮಾತು ನಿಲ್ಲಿಸುವುದೇ ಇಲ್ಲ. ನನಗೆ ಸಿಕ್ಕ ಒಳ್ಳೆಯ ಮುಖಗಳೆಲ್ಲ ಹಾಗೆ ಸಿಕ್ಕಿದ್ದು.

6×4.5 ಎಸ್‌ಎಲ್‌ಆರ್. ಲೆನ್ಸ್ ಬದಲಿಸಬೇಕು, ಪೋರ್ಟ್ರೇಟ್ ಮಾಡಬೇಕು ಅನ್ನುವವರಿಗೆ ಇದು. ಇಲ್ಲಿ ಎರಡು ಹೆಸರು ಸಾಕು. ಮಾಮಿಯಾ ಎಂ645 1975ರಲ್ಲಿ ಬಂತು. ಅದರ ಜೆ ಎಂಬ ಸರಳ ಮಾದರಿ ಕಡಿಮೆಗೆ ಸಿಗುತ್ತದೆ. 1000ಎಸ್‌ನಲ್ಲಿ 1/1000 ವೇಗ ಇದೆ. ಈ ಹಳೇ ಮಾದರಿಗಳಲ್ಲಿ ಅರ್ಧ ರೋಲಿನಲ್ಲಿ ಫಿಲಂ ಬದಲಿಸಲು ಆಗುವುದಿಲ್ಲ. ಫ್ಲ್ಯಾಷ್ ಜೊತೆ 1/60ಕ್ಕಿಂತ ಮೇಲೆ ಹೋಗಲೂ ಆಗುವುದಿಲ್ಲ. ಇನ್ನೊಂದು ಬ್ರಾನಿಕಾ ಇಟಿಆರ್‌ಎಸ್. ಇದರ ಶಟರ್ ಪ್ರತಿ ಲೆನ್ಸಿನೊಳಗೇ ಇದೆ. 1/500ರವರೆಗೂ ಫ್ಲ್ಯಾಷ್ ಕೂಡುತ್ತದೆ. ಫಿಲಂ ಇರುವ ಹಿಂಭಾಗ ಬಿಚ್ಚಿ ಬೇರೆ ಹಾಕಬಹುದು. ಮದುವೆ ಫೋಟೋ ಮಾಡುವವರಿಗೆ ಇದು ಹೇಳಿ ಮಾಡಿಸಿದ ಕ್ಯಾಮೆರಾ.

ಎರಡಕ್ಕೂ 6 ವೋಲ್ಟಿನ ಸಣ್ಣ ಬ್ಯಾಟರಿ ಬೇಕು. ಬ್ಯಾಟರಿ ಹೋದರೆ ಬ್ರಾನಿಕಾದಲ್ಲಿ 1/500 ಒಂದೇ ವೇಗ ಉಳಿಯುತ್ತದೆ. ಆಗುಂಬೆಯ ಅಂಗಡಿಯಲ್ಲಿ ಈ ಬ್ಯಾಟರಿ ಕೇಳಿದರೆ ಸಿಗುವುದು ಕಷ್ಟ. ಜೇಬಿನಲ್ಲಿ ಒಂದು ಯಾವಾಗಲೂ ಇರಲಿ.

ಮಡಚುವ ಕ್ಯಾಮೆರಾ. ಜೈಸ್ ಇಕಾನ್ ನೆಟ್ಟಾರ್, ಆಗ್ಫಾ ಐಸೊಲೆಟ್ ಇಂಥವು. ಅಂಗಿ ಜೇಬಿಗಲ್ಲದಿದ್ದರೂ ಕೋಟಿನ ಜೇಬಿಗೆ ಹಿಡಿಸುತ್ತವೆ. ಕೊಡಚಾದ್ರಿ ಹತ್ತುವವರಿಗೆ ಇದಕ್ಕಿಂತ ಹಗುರ ಬೇರೆ ಇಲ್ಲ. ಆದರೆ ಕಮ್ಮಾರನ ತಿದಿಯ ಹಾಗೆ ಮಡಿಕೆ ಮಡಿಕೆ ಇರುವ ಭಾಗದಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದಿರುತ್ತದೆ. ಐಸೊಲೆಟ್‌ನಲ್ಲಂತೂ ಇದು ತೀರಾ ಸಾಮಾನ್ಯ. ಅದರ ಫೋಕಸ್ ಉಂಗುರದ ಗ್ರೀಸ್ ಗಟ್ಟಿಯಾಗಿ ಅಂಟಿಕೊಂಡಿರುವುದೂ ಸಾಮಾನ್ಯ. ದೂರವನ್ನು ನೀವೇ ಅಂದಾಜು ಮಾಡಬೇಕು. ಎರಡನೇ ಕ್ಯಾಮೆರಾ ಆಗಿ ಚೆನ್ನ.

ಮಾಮಿಯಾ ಆರ್‌ಬಿ67 ಕಡಿಮೆ ಬೆಲೆಗೆ ಸಿಗುತ್ತದೆ ಅಂತ ಹಲವರು ಹೇಳುತ್ತಾರೆ. ಸಿಗುವುದೇನೋ ನಿಜ. ಬ್ಯಾಟರಿ ಬೇಡ, ಗಟ್ಟಿ ಯಂತ್ರ. ಆದರೆ ಲೆನ್ಸ್ ಸೇರಿ ಎರಡೂವರೆ ಕೆ.ಜಿ.ಗಿಂತ ಜಾಸ್ತಿ ತೂಕ. ಸ್ಟುಡಿಯೋ ಇದ್ದವರಿಗೆ ಇದು ಅಮೃತ, ಕಾಡಿನಲ್ಲಿ ತಿರುಗುವವರಿಗೆ ಹೊರೆ. ಪೆಂಟಕಾನ್ ಸಿಕ್ಸ್, ಕೀವ್ 88 ಕಡೆ ಹೋಗುವುದಾದರೆ ಪಕ್ಕದಲ್ಲೇ ಒಳ್ಳೆಯ ರಿಪೇರಿಯವರು ಇರಬೇಕು. ಹ್ಯಾಸೆಲ್‌ಬ್ಲಾಡ್ ಚಂದ್ರನ ಮೇಲೆ ಹೋದ ಕ್ಯಾಮೆರಾ, ಆದರೆ ಈ ಬಜೆಟ್ಟಿಗೆ ಬೇಡ. ಡಿಜಿಟಲ್ ಮೀಡಿಯಂ ಫಾರ್ಮ್ಯಾಟ್ ಕೂಡ ಸದ್ಯಕ್ಕೆ ಬಿಡಿ. ಫ್ಯೂಜಿಯ ಜಿಎಫ್‌ಎಕ್ಸ್ ಸೆನ್ಸರ್ ಸುಮಾರು 44×33 ಮಿ.ಮೀ., ಫಿಲಂನ 6×4.5ಕ್ಕಿಂತಲೂ ಸಣ್ಣದು. ಬೆಲೆ ಮಾತ್ರ ಲಕ್ಷಗಳಲ್ಲಿ.

ಹೆಜ್ಜೆ 4: ಟಾರ್ಚ್ ಹಿಡಿದು ನೋಡಿ

ಈ ಹೆಜ್ಜೆಯಲ್ಲಿ ಅವಸರ ಮಾಡಬೇಡಿ. ನನ್ನ ಮೊದಲ ಯಾಶಿಕಾ ದೂರದ ಊರಿನ ಒಬ್ಬರಿಂದ ಬಂತು. ಫೋಟೋದಲ್ಲಿ ಫಳಫಳ ಹೊಳೆಯುತ್ತಿತ್ತು. ಮನೆಗೆ ಬಂದ ದಿನ ಹಿಂಬಾಗಿಲು ತೆರೆದು ಟಾರ್ಚ್ ಬಿಟ್ಟೆ. ಗಾಜುಗಳ ನಡುವೆ ಜೇಡರ ಬಲೆ ಹೆಣೆದ ಹಾಗೆ ಬಿಳಿ ಎಳೆಗಳು. ವಾಪಸ್ ತೆಗೆದುಕೊಳ್ಳಲು ಮಾರಿದವರು ಒಪ್ಪಲಿಲ್ಲ. ಅದನ್ನು ಬಿಚ್ಚಿ ತೊಳೆಸಿದಾಗ ಎಳೆ ಹೋಯಿತು, ಅದು ಕೊರೆದ ಗುರುತು ಗಾಜಿನ ಲೇಪದಲ್ಲಿ ಉಳಿಯಿತು. ಬಿಸಿಲಿಗೆ ಎದುರಾಗಿ ತೆಗೆದ ಪ್ರತಿ ಚಿತ್ರದಲ್ಲೂ ಮಂಜು ಕವಿದ ಹಾಗೆ ಬರುತ್ತಿತ್ತು.

ಸ್ಟುಡಿಯೋ ನಡೆಸಿ ಈಗ ಮನೆಯಲ್ಲಿರುವ ಹಿರಿಯರೊಬ್ಬರಿಗೆ ಅದನ್ನು ತೋರಿಸಿದೆ. ಅವರು ಒಮ್ಮೆ ಬೆಳಕಿಗೆ ಹಿಡಿದು ನೋಡಿ ಹೇಳಿದರು: "ಹೊರಗಿನ ಚರ್ಮ ನೋಡಿ ದನ ಕೊಂಡ್ರೆ ಹೆಂಗೆ ಮಾರಾಯ? ಬಾಯಿ ಬಿಡಿಸಿ ಹಲ್ಲು ನೋಡ್ಬೇಕು." ಆಮೇಲೆ ಅವರೇ ಎದುರು ಕೂರಿಸಿಕೊಂಡು ಕಲಿಸಿದ್ದು ಇದು.

ಕ್ಯಾಮೆರಾದ ಹಿಂಬಾಗಿಲು ತೆರೆಯಿರಿ. ಶಟರನ್ನು ಬಿ ಗುರುತಿಗೆ ಇಟ್ಟು, ಅಪರ್ಚರ್ ಪೂರ್ತಿ ತೆರೆದು, ಗುಂಡಿ ಒತ್ತಿ ಹಿಡಿಯಿರಿ. ಕೋಣೆಯ ದೀಪ ಆರಿಸಿ. ಟಾರ್ಚನ್ನು ನೇರವಾಗಿ ಅಲ್ಲ, ಓರೆಯಾಗಿ ಬಿಡಿ. ಸಣ್ಣ ಸಣ್ಣ ಚುಕ್ಕಿ ಕಂಡರೆ ಧೂಳು, ಚಿಂತೆ ಬೇಡ. ಕವಲು ಕವಲಾಗಿ ಹರಡಿದ ಎಳೆ ಇದ್ದರೆ ಫಂಗಸ್. ಗಾಜಿಗೆ ಉಸಿರು ಊದಿದ ಹಾಗೆ ಒಂದೇ ಸಮ ಮಬ್ಬಿದ್ದರೆ ಒಳಗಿನ ಎಣ್ಣೆ ಆವಿಯಾಗಿ ಕೂತಿದ್ದು, ಸಾಮಾನ್ಯವಾಗಿ ಒರೆಸಿದರೆ ಹೋಗುತ್ತದೆ. ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣದ ತೇಪೆ ಕಂಡರೆ ಅಂಟಿಸಿದ ಎರಡು ಗಾಜು ಬಿಡುತ್ತಿವೆ ಅಂತ ಅರ್ಥ. ಅಂಥ ಕ್ಯಾಮೆರಾ ಮುಟ್ಟಬೇಡಿ. ಟಿಎಲ್‌ಆರ್‌ನ ಮೇಲಿನ ಲೆನ್ಸಿನಲ್ಲಿ ಸ್ವಲ್ಪ ಫಂಗಸ್ ಇದ್ದರೆ ನಡೆಯುತ್ತದೆ, ಅದು ಬರೀ ನೋಡಲು. ಕೆಳಗಿನದರಲ್ಲಿ ಇದ್ದರೆ ಬೇಡ, ಎಷ್ಟೇ ಅಗ್ಗವಾದರೂ.

ಆಮೇಲೆ ಶಟರ್. ಒಂದು ಸೆಕೆಂಡಿಗೆ ಇಟ್ಟು ಬಿಡಿ. ಒಳಗಿನ ಹಲ್ಲುಚಕ್ರ ಜುಯ್ಯ್ ಅಂತ ಒಂದೇ ಸಮ ಸದ್ದು ಮಾಡಬೇಕು. ನಡುವೆ ತಡವರಿಸಿದರೆ ಅಥವಾ ಅರ್ಧಕ್ಕೆ ನಿಂತರೆ ಎಣ್ಣೆ ಒಣಗಿದೆ, ಸರ್ವಿಸ್ ಬೇಕು. ಆ ದುಡ್ಡನ್ನು ಬೆಲೆಯಲ್ಲಿ ಕಡಿಮೆ ಮಾಡಿಸಿ. ವೇಗ ಸರಿ ಇದೆಯೇ ಅಂತ ನೋಡಲು ಫೋನ್ ಸಾಕು. ಸೆಕೆಂಡಿಗೆ 240 ಚಿತ್ರ ತೆಗೆಯುವ ಸ್ಲೋ ಮೋಷನ್ ಹಾಕಿ, ಲೆನ್ಸಿನ ಹಿಂದೆ ಬೆಳಕಿಟ್ಟು ಶೂಟ್ ಮಾಡಿ. 1/30ಕ್ಕೆ ಸುಮಾರು 8 ಚಿತ್ರಗಳಲ್ಲಿ ಬೆಳಕು ಕಾಣಬೇಕು, 1/60ಕ್ಕೆ 4. ಅದಕ್ಕಿಂತ ವೇಗದ್ದನ್ನು ಹೀಗೆ ಅಳೆಯಲು ಆಗುವುದಿಲ್ಲ. ಎಸಳುಗಳ ಮೇಲೆ ಎಣ್ಣೆಯ ಜಿಡ್ಡು ಹೊಳೆಯುತ್ತಿದ್ದರೆ ಅದೂ ಸರ್ವಿಸ್‌ಗೆ ಹೋಗಬೇಕಾದ್ದು. ಸೆಲ್ಫ್ ಟೈಮರ್ ಮಾತ್ರ ಎಳೆದು ನೋಡಬೇಡಿ. ಹಳೆಯದರಲ್ಲಿ ಅದು ಸಿಕ್ಕಿಕೊಂಡರೆ ಶಟರ್ ಪೂರ್ತಿ ನಿಲ್ಲುತ್ತದೆ.

ಟಿಎಲ್‌ಆರ್‌ಗೆ ಇನ್ನೊಂದು ಪರೀಕ್ಷೆ ಇದೆ, ಇದನ್ನು ಯಾರೂ ಮಾಡುವುದಿಲ್ಲ. ಎರಡು ಲೆನ್ಸೂ ಒಂದೇ ಕಡೆ ಫೋಕಸ್ ಆಗುತ್ತಿವೆಯೇ? ಒಂದು ತುಂಡು ಬಟರ್ ಪೇಪರನ್ನು ಫಿಲಂ ಓಡುವ ಕಂಬಿಗಳ ಮೇಲೆ ಬಿಗಿಯಾಗಿ ಅಂಟಿಸಿ. ಬಿ ಇಟ್ಟು, ಶಟರ್ ಗುಂಡಿಗೆ ಸಿಕ್ಕಿಸುವ ಕೇಬಲ್‌ನಿಂದ ಶಟರ್ ತೆರೆದು ನಿಲ್ಲಿಸಿ. ಎರಡು ಮೀಟರ್ ದೂರದಲ್ಲಿ ಕ್ಯಾಲೆಂಡರ್ ನೇತುಹಾಕಿ ಮೇಲಿನ ಗಾಜಿನಲ್ಲಿ ಫೋಕಸ್ ಮಾಡಿ. ಈಗ ಹಿಂದಿನಿಂದ ಬಟರ್ ಪೇಪರನ್ನು ಭೂತಗನ್ನಡಿಯಲ್ಲಿ ನೋಡಿ. ತಾರೀಖಿನ ಅಂಕಿ ಅಲ್ಲೂ ಚೂಪಾಗಿದ್ದರೆ ಸರಿ. ಆಮೇಲೆ ದೂರದ ಗುಡ್ಡದ ತುದಿಗೂ ಹೀಗೇ ಮಾಡಿ.

ಎಸ್‌ಎಲ್‌ಆರ್ ಆದರೆ ಬಾಗಿಲ ಸುತ್ತಲಿನ ಕಪ್ಪು ಫೋಮ್ ಪಟ್ಟಿ ಮುಟ್ಟಿ ನೋಡಿ. ಬೆರಳಿಗೆ ಟಾರಿನ ಹಾಗೆ ಅಂಟಿದರೆ ಬದಲಿಸಬೇಕು. ಕೆಲಸ ಸುಲಭ, ಖರ್ಚು ಕಡಿಮೆ. ಮಡಚುವ ಕ್ಯಾಮೆರಾ ಆದರೆ ಕತ್ತಲೆಯಲ್ಲಿ ತಿದಿಯ ಒಳಗೆ ಟಾರ್ಚ್ ಇಟ್ಟು ಹೊರಗಿನಿಂದ ನೋಡಿ. ತೂತಿದ್ದರೆ ನಕ್ಷತ್ರದ ಹಾಗೆ ಮಿನುಗುತ್ತದೆ.

ಹೆಜ್ಜೆ 5: ಎಲ್ಲಿ ಹುಡುಕುವುದು?

ಮೊದಲು ಮನೆ ಹತ್ತಿರ. ಶಿವಮೊಗ್ಗ, ಸಾಗರ, ಭದ್ರಾವತಿಯ ಹಳೇ ಸ್ಟುಡಿಯೋಗಳಿಗೆ ಹೋಗಿ ವಿಚಾರಿಸಿ. ಡಿಜಿಟಲ್ ಬಂದಮೇಲೆ ಕಪಾಟಿನಲ್ಲಿ ಕೂತ ಕ್ಯಾಮೆರಾ ಇರಬಹುದು. ಹೋದವರು ನೇರ ಬೆಲೆ ಕೇಳಬೇಡಿ. ಕೂತು ಮಾತಾಡಿ, ಅವರು ತೆಗೆದ ಫೋಟೋಗಳನ್ನು ತೋರಿಸಲು ಕೇಳಿ. ಅವರ ಅನ್ನದ ಯಂತ್ರ ಅದು. ಯಾರ ಕೈಗೆ ಹೋಗುತ್ತದೆ ಅನ್ನುವುದು ಅವರಿಗೂ ಮುಖ್ಯ. ಇಲ್ಲಿ ಕೊಳ್ಳುವುದರ ಲಾಭ ಅಂದರೆ ಟಾರ್ಚ್ ಬಿಟ್ಟು ನೋಡಬಹುದು. ತೊಂದರೆ ಅಂದರೆ ಆ ಕ್ಯಾಮೆರಾ ಹಲವು ಮಳೆಗಾಲ ಇಲ್ಲೇ ಕಳೆದಿರುತ್ತದೆ.

ಆನ್‌ಲೈನ್‌ನಲ್ಲಿ ಜಪಾನಿನಿಂದ ತರಿಸುವುದು ಇನ್ನೊಂದು ದಾರಿ. ಅಲ್ಲಿಯವರು ಚೆನ್ನಾಗಿ ಇಟ್ಟುಕೊಂಡಿರುತ್ತಾರೆ. ಆದರೆ ತಲೆಬರಹದಲ್ಲಿ ಎಕ್ಸಲೆಂಟ್ ಎಂದು ಬರೆದು ಕೆಳಗೆ ಲೆನ್ಸಿನಲ್ಲಿ ಸ್ವಲ್ಪ ಫಂಗಸ್ ಇದೆ ಎಂದು ಬರೆದಿರುವುದುಂಟು. ಕೊನೆಯ ಸಾಲಿನವರೆಗೂ ಓದಿ. ಕೊರಿಯರ್, ಕಸ್ಟಮ್ಸ್ ಸುಂಕ, ತೆರಿಗೆ ಎಲ್ಲ ಸೇರಿದ ಮೇಲೆ ಎಷ್ಟಾಗುತ್ತದೆ ಎಂದು ಮೊದಲೇ ಕೂಡಿಸಿ. ಬೆಂಗಳೂರಿನಲ್ಲಿ ಮಾರುವವರಿದ್ದರೆ ರಾತ್ರಿ ರೈಲು ಹತ್ತಿ ಹೋಗಿ ನೋಡಿ ಬನ್ನಿ. ಆ ಟಿಕೆಟ್ ದುಡ್ಡು ದಂಡ ಅಲ್ಲ.

ಹೆಜ್ಜೆ 6: ಮೊದಲ ರೋಲ್ ಪರೀಕ್ಷೆಗೆ

ಮೊದಲ ರೋಲನ್ನು ಚಂದದ ಚಿತ್ರಕ್ಕೆ ಇಡಬೇಡಿ, ಕ್ಯಾಮೆರಾವನ್ನು ತಿಳಿಯಲು ಇಡಿ. ಇಲ್‌ಫೋರ್ಡ್ ಎಚ್‌ಪಿ5 ಪ್ಲಸ್‌ನಂಥ 400 ವೇಗದ ಕಪ್ಪುಬಿಳುಪು ಫಿಲಂ ಸಾಕು, ಸಣ್ಣಪುಟ್ಟ ತಪ್ಪನ್ನು ಅದು ಸಹಿಸಿಕೊಳ್ಳುತ್ತದೆ. ನೆರಳಿನಲ್ಲಿ ನಿಂತು ಹಾಕಿ. ಕಾಗದದ ನಾಲಿಗೆಯನ್ನು ಖಾಲಿ ಸುರುಳಿಯ ಸೀಳಿಗೆ ಸಿಕ್ಕಿಸಿ, ಸುರುಳಿ ಸಡಿಲವಾಗದ ಹಾಗೆ ಹೆಬ್ಬೆರಳಿನಿಂದ ಒತ್ತಿ ಹಿಡಿದು ತಿರುಗಿಸಿ. ಕಾಗದದ ಮೇಲಿನ ಬಾಣದ ಗುರುತು ಕ್ಯಾಮೆರಾದ ಗುರುತಿಗೆ ಸರಿಯಾಗಿ ಬಂದಾಗ ನಿಲ್ಲಿಸಿ, ಬಾಗಿಲು ಮುಚ್ಚಿ.

ಒಂದು ಚೀಟಿಯಲ್ಲಿ ಪ್ರತಿ ಚಿತ್ರದ ಅಪರ್ಚರ್, ವೇಗ, ದೂರ ಬರೆಯಿರಿ. ಎಫ್ 3.5ರಲ್ಲಿ ಒಂದು ಮೀಟರ್ ದೂರದ ಮುಖ ಒಂದು. ದೂರದ ಗುಡ್ಡ ಒಂದು. ಸೂರ್ಯನಿಗೆ ಎದುರಾಗಿ ಒಂದು. ಉಳಿದವುಗಳಲ್ಲಿ ಎಲ್ಲಾ ಶಟರ್ ವೇಗ ಬರುವ ಹಾಗೆ ನೋಡಿಕೊಳ್ಳಿ. ನೆಗೆಟಿವ್ ಬಂದಮೇಲೆ ಚಿತ್ರಗಳ ನಡುವಿನ ಅಂತರ ಒಂದೇ ಸಮ ಇದೆಯೇ ನೋಡಿ. ಅಂಚಿನಿಂದ ಒಳಗೆ ಕಪ್ಪು ಪಟ್ಟೆ ಬಂದಿದ್ದರೆ ಬೆಳಕು ಸೋರುತ್ತಿದೆ.

ಕಪ್ಪುಬಿಳುಪನ್ನು ಮನೆಯಲ್ಲೇ ತೊಳೆಯಲು ಕಲಿತರೆ ರೋಲಿನ ಖರ್ಚು ಬಹಳ ಇಳಿಯುತ್ತದೆ. ಒಂದು ಟ್ಯಾಂಕ್, ಕತ್ತಲೆ ಚೀಲ, ಥರ್ಮಾಮೀಟರ್, ಡೆವಲಪರ್, ಫಿಕ್ಸರ್ ಇದ್ದರೆ ಸಾಕು. 20 ಡಿಗ್ರಿ ಇದಕ್ಕೆ ಸರಿಯಾದ ಬಿಸಿ. ಶಿವಮೊಗ್ಗದ ಏಪ್ರಿಲ್‌ನಲ್ಲಿ ನಲ್ಲಿ ನೀರು ಇದಕ್ಕಿಂತ ಎಷ್ಟೋ ಬಿಸಿ ಇರುತ್ತದೆ, ಪಾತ್ರೆಯಲ್ಲಿ ಐಸ್ ಹಾಕಿ ಬಾಟಲಿ ಇಳಿಸಿಡಬೇಕು. ಬಣ್ಣದ ಫಿಲಂಗೆ 38 ಡಿಗ್ರಿ ಬೇಕು, ಅದನ್ನು ಶುರುವಿನಲ್ಲಿ ಲ್ಯಾಬಿಗೇ ಕಳಿಸಿ. ಸ್ಕ್ಯಾನ್‌ಗೆ ಆಫೀಸಿನ ಸಾಮಾನ್ಯ ಸ್ಕ್ಯಾನರ್ ಆಗುವುದಿಲ್ಲ. ನೆಗೆಟಿವ್‌ನ ಹಿಂದಿನಿಂದ ಬೆಳಕು ಬಿಡುವಂಥದ್ದು ಬೇಕು, ಎಪ್ಸನ್ ವಿ600 ಥರದ್ದು.

ಹೆಜ್ಜೆ 7: ಮೃಗಶಿರೆ ಹಿಡಿಯುವ ಮುಂಚೆ

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗಿಂತ ಜಾಸ್ತಿ ಮಳೆ ಬೀಳುತ್ತದೆ. ಕಪಾಟಿನಲ್ಲಿಟ್ಟ ಚಪ್ಪಲಿಗೆ ವಾರದಲ್ಲಿ ಬೂಷ್ಟು ಬರುವ ಊರಲ್ಲಿ ಲೆನ್ಸಿಗೆ ಬರದೇ ಇರುತ್ತದೆಯೇ? ಗಾಳಿಯ ತೇವ ಶೇಕಡಾ 60–70ರ ಮೇಲೆ ಬಹಳ ದಿನ ನಿಂತರೆ ಫಂಗಸ್ ಬೆಳೆಯಲು ಶುರುವಾಗುತ್ತದೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದಕ್ಕಿಂತ ಕೆಳಗೆ ಇಳಿಯುವುದೇ ಅಪರೂಪ.

ಮೊದಲು ಚರ್ಮದ ಕೇಸನ್ನು ಬೇರೆ ಮಾಡಿ. ನನ್ನ ಎರಡನೇ ಯಾಶಿಕಾ ಹಾಳಾಗಿದ್ದು ಹೀಗೆ. ಒಳ್ಳೆಯ ಕೇಸು, ಒಳಗೆ ಮಖಮಲ್ಲು, ಅದರಲ್ಲಿ ಹಾಕಿ ಮರದ ಬೀರುವಿನಲ್ಲಿಟ್ಟಿದ್ದೆ. ಚರ್ಮ ತೇವ ಹೀರಿ ಹಿಡಿದುಕೊಳ್ಳುತ್ತದೆ. ಆಶ್ಲೇಷಾ ಮಳೆ ಹೊತ್ತಿಗೆ ತೆಗೆದಾಗ ಕೇಸಿನ ಮೇಲೆ ಹಸಿರು ಪುಡಿ, ಲೆನ್ಸಿನ ಅಂಚಿನಲ್ಲಿ ಮೂರು ಎಳೆ.

ಈಗ ನಾನು ಮಾಡುವುದು ಇಷ್ಟು. ರಬ್ಬರ್ ಅಂಚಿನ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ. ಒಳಗೆ ಅರ್ಧ ಕೆ.ಜಿ. ಸಿಲಿಕಾ ಜೆಲ್, ಬಟ್ಟೆ ಚೀಲದಲ್ಲಿ. ಪಕ್ಕದಲ್ಲಿ ತೇವ ತೋರಿಸುವ ಸಣ್ಣ ಮೀಟರ್. ಅದು 40ರಿಂದ 50ರ ನಡುವೆ ಇರಬೇಕು. 30ಕ್ಕಿಂತ ಕೆಳಗೆ ಇಳಿಸಲೂ ಬೇಡಿ, ಗ್ರೀಸ್ ಮತ್ತು ಚರ್ಮದ ಹೊದಿಕೆ ಒಣಗುತ್ತವೆ. ಕಿತ್ತಳೆ ಬಣ್ಣದ ಜೆಲ್ ತೇವ ಹೀರಿದಾಗ ಹಸಿರಾಗುತ್ತದೆ. ಆಗ ಹಳೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದರೆ ಮತ್ತೆ ಕಿತ್ತಳೆ. ನೀಲಿ ಬಣ್ಣದ್ದರಲ್ಲಿ ಕೋಬಾಲ್ಟ್ ಇರುತ್ತದೆ, ವಿಷ. ಅಡುಗೆ ಮಾಡುವ ಪಾತ್ರೆಯ ಹತ್ತಿರವೂ ತರಬೇಡಿ. ಅಕ್ಕಿಯಲ್ಲಿ ಹುದುಗಿಸಿಡುವ ರೂಢಿ ಕೆಲವರಲ್ಲಿದೆ. ಅದರ ಹಿಟ್ಟು ಹಲ್ಲುಚಕ್ರದೊಳಗೆ ಹೋಗುತ್ತದೆ, ಬೇಡ. ಒಲೆಯ ಮೇಲಿನ ಅಟ್ಟ ಬೆಚ್ಚಗಿದೆ ಅಂತ ಅಲ್ಲಿ ಇಡುವುದೂ ಬೇಡ, ಹೊಗೆಯ ಜಿಡ್ಡು ಗಾಜಿಗೆ ಕೂರುತ್ತದೆ. ಕೈಯಲ್ಲಿ ದುಡ್ಡು ಸೇರಿದಾಗ ಎರಡನೇ ಲೆನ್ಸಿನ ಬದಲು ಕರೆಂಟಿನ ಡ್ರೈ ಕ್ಯಾಬಿನೆಟ್ ಕೊಳ್ಳಿ. ನಮ್ಮ ಕಡೆ ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಹೋಗುತ್ತದೆ, ಆಗಲೂ ಒಳಗೆ ಒಂದು ಚೀಲ ಜೆಲ್ ಇರಲಿ.

ಫಿಲಂ ಫ್ರಿಜ್ಜಿನಲ್ಲಿರಲಿ. ಹೊರಗೆ ತೆಗೆದ ಕೂಡಲೇ ಕವರ್ ಹರಿಯಬೇಡಿ. ಒಂದೆರಡು ಗಂಟೆ ಹಾಗೇ ಬಿಡಿ, ಇಲ್ಲದಿದ್ದರೆ ತಣ್ಣಗಿನ ಫಿಲಂ ಮೇಲೆ ನೀರು ಕೂರುತ್ತದೆ. ತೊಳೆದ ಫಿಲಂ ಮಳೆಗಾಲದಲ್ಲಿ ಒಣಗಲು ಇಡೀ ರಾತ್ರಿ ಬೇಕು. ಬಚ್ಚಲೊಲೆ ಹತ್ತಿರ ನೇತುಹಾಕಬೇಡಿ, ಬೂದಿ ಅಂಟುತ್ತದೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ತುದಿಗೆ ಕ್ಲಿಪ್ ಸಿಕ್ಕಿಸಿ ಬಿಡಿ.

ಕ್ಯಾಮೆರಾವನ್ನು ಡಬ್ಬದಲ್ಲಿ ಮಲಗಿಸಿ ಮರೆಯಬೇಡಿ. ಹದಿನೈದು ದಿನಕ್ಕೊಮ್ಮೆ ತೆಗೆದು, ಎಲ್ಲಾ ವೇಗದಲ್ಲೂ ಶಟರ್ ನಾಲ್ಕು ಸಲ ಓಡಿಸಿ, ಫೋಕಸ್ ಗುಂಡಿ ಆಚೆ ಈಚೆ ತಿರುಗಿಸಿ. ಮಳೆ ಹೊಳವಾಗಿ ಬಿಸಿಲು ಬಿದ್ದ ದಿನ ಒಂದು ಗಂಟೆ ವರಾಂಡದಲ್ಲಿಡಿ, ನೇರ ಬಿಸಿಲಿಗಲ್ಲ. ಗಣಪತಿ ಹಬ್ಬ ಕಳೆದು ಮಳೆ ಕಡಿಮೆಯಾದ ಮೇಲೆ ಮತ್ತೆ ಹಿಂಬಾಗಿಲು ತೆರೆದು, ಬಿ ಇಟ್ಟು, ದೀಪ ಆರಿಸಿ, ಟಾರ್ಚ್ ಓರೆಯಾಗಿ ಬಿಟ್ಟು ನೋಡಿ. ಎಳೆ ಕಂಡರೆ ಅದೇ ವಾರ ರಿಪೇರಿಗೆ ಕೊಡಿ. ಎಳೆ ಹೊಸದಾಗಿದ್ದರೆ ಗಾಜಿನ ಲೇಪಕ್ಕೆ ಇನ್ನೂ ಇಳಿದಿರುವುದಿಲ್ಲ, ಒರೆಸಿದರೆ ಹೋಗುತ್ತದೆ.